ಹಳದಿ ತಲೆಯ ಕಲ್ಲು

ನನಗೊಂದು ಚಟವಿದೆ. ಬೀಡಿ, ತಂಬಾಕಿನಂತೆ ಮನೆಯವರು ಬೈಯುವ ಚಟವಲ್ಲ, ಕಂಡವರು ನಗುವ ಚಟ. ಹೆದ್ದಾರಿಯಲ್ಲಿ ಹೋಗುವಾಗ ಹಳದಿ ತಲೆಯ ಕಿಲೋಮೀಟರ್ ಕಲ್ಲು ಕಂಡರೆ ಗಾಡಿ ನಿಲ್ಲಿಸುತ್ತೇನೆ. ಎಲ್ಲ ಕಲ್ಲಿಗೂ ಅಲ್ಲ, ಪ್ರಯಾಣಕ್ಕೆ ಒಂದು. ಇಳಿದು, ಚಪ್ಪಲಿ ಬಿಟ್ಟು, ಕಲ್ಲಿನ ನೆತ್ತಿಯ ಮೇಲೆ ತೋರುಬೆರಳಿಟ್ಟು ಒಮ್ಮೆ ತಿಕ್ಕುತ್ತೇನೆ. ಬೆರಳು ನೋಡಿಕೊಳ್ಳುತ್ತೇನೆ. ಮತ್ತೆ ಚಪ್ಪಲಿ ಮೆಟ್ಟಿ ಬಂದು ಕೂರುತ್ತೇನೆ.

ಹೋದ ತಿಂಗಳು ಸೊಲ್ಲಾಪುರಕ್ಕೆ ಹೊರಟಾಗ ಬಾಡಿಗೆ ಗಾಡಿಯ ಡ್ರೈವರ್ ಇದನ್ನು ನೋಡಿ ಕೇಳಿದ: "ಕಾಕಾ, ಬಣ್ಣ ಹಸಿ ಐತೇನ ನೋಡಾಕತ್ತೀರಿ?"

"ಇಲ್ಲೋ ತಮ್ಮಾ. ಬಣ್ಣ ಹೌದೋ ಅಲ್ಲೋ ನೋಡಾಕತ್ತೇನಿ" ಎಂದೆ.

ಅಲ್ಲಿಂದ ಮುಂದೆ ಅವನು ಗಾಡಿಯನ್ನು, ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದವರನ್ನು ಕೂರಿಸಿಕೊಂಡಂತೆ, ನಿಧಾನಕ್ಕೆ ಹೊಡೆದ. ಅವನದೇನೂ ತಪ್ಪಿಲ್ಲ. ನಲವತ್ತೈದು ವರ್ಷ ದಾಟಿತು. ಅಂಥದೊಂದು ಕಲ್ಲು ನನಗೆ ಕೊಟ್ಟ ಪೆಟ್ಟಿನಿಂದ ನಾನೇ ಇನ್ನೂ ಸುಧಾರಿಸಿಕೊಂಡಿಲ್ಲ.

ಕೂತುಕೊಳ್ಳಿ, ಹೇಳುತ್ತೇನೆ. ನಡುನಡುವೆ ಒಂದೆರಡು ಬುದ್ಧಿಮಾತನ್ನೂ ಹೇಳುತ್ತೇನೆ. ಜೀವಮಾನದಲ್ಲಿ ಒಂದು ಮೊಳ ಹುರಿಯನ್ನೂ ಪುಕ್ಕಟೆ ಕೊಟ್ಟವನಲ್ಲ ನಾನು. ಬುದ್ಧಿ ಮಾತ್ರ ಧಾರಾಳ.

ನನ್ನದು ಹಗ್ಗದ ವ್ಯಾಪಾರ. ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದ ಸುರುಳಿ ಕಟ್ಟಿಕೊಂಡು ಟಿಕೋಟಾ, ಬಬಲೇಶ್ವರದ ಸಂತೆ ಸುತ್ತಿ, ಸೈಕಲ್ಲಿಗೆ ನಾಲ್ಕು ಸಲ ಟೈರು ಬದಲಿಸುವ ಹೊತ್ತಿಗೆ ಗಾಂಧಿ ಚೌಕಿನಲ್ಲಿ ಒಂದು ಅಂಗಡಿ ಮಾಡಿದ್ದೆ. ಊರಿಗೆ ಆಗ ಇನ್ನೂ ಬಿಜಾಪುರ ಎಂದೇ ಹೆಸರು. ಅಂಗಡಿ ಎಂದರೆ, ನಡುವೆ ನಿಂತು ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಆದರೆ ಗೋಡೆ ನನ್ನವು. ಹಗ್ಗ, ಗೋಣಿಪಾಟು, ತಾಡಪತ್ರಿ, ಬಾವಿಯ ಗಾಲಿ. ಮುಂದೆ ಸಣ್ಣದೊಂದು ಕಟ್ಟೆ. ಬೆಳಿಗ್ಗೆ ಆ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಸುರಿದುಕೊಳ್ಳುವಾಗ ಗೋಲಗುಮ್ಮಟ ಕಟ್ಟಿಸಿದ ಬಾದಶಹನಿಗೂ ನನಗೂ ಅಳತೆಯಲ್ಲಿ ಮಾತ್ರ ವ್ಯತ್ಯಾಸ ಅನ್ನಿಸುತ್ತಿತ್ತು.

ಚೌಕಾಶಿಯಲ್ಲಿ ನನ್ನನ್ನು ಮೀರಿಸಿದವರು ಕಡಿಮೆ. ಗುಟ್ಟು ಕೇಳಿದರೆ ಹೇಳುತ್ತಿರಲಿಲ್ಲ, ಈಗ ಹೇಳುತ್ತೇನೆ. ನಿಮಗೆ ಬೇಕಾದ ವಸ್ತುವನ್ನು ಕಣ್ಣೆತ್ತಿ ನೋಡಬಾರದು. ಅದು ಯಾಕೆ ಬೇಕು ಎಂಬುದನ್ನು ಸತ್ತರೂ ಹೇಳಬಾರದು. ನನ್ನ ಮೊದಲ ಸೈಕಲ್ಲನ್ನು ನಾನು ಕೊಂಡದ್ದು, ಮಾರುವವನ ಮನೆಯ ಮುಂದೆ ಅರ್ಧ ತಾಸು ಅವನ ಎಮ್ಮೆಯನ್ನು ಹೊಗಳಿ. ಎಮ್ಮೆ ಮಾರಲು ಅವನು ಒಪ್ಪಲಿಲ್ಲ. ನನಗೆ ಬೇಸರವಾದಂತೆ ತೋರಿಸಿದೆ. ಆ ಬೇಸರ ಕಳೆಯಲೆಂದು ಸೈಕಲ್ಲನ್ನು ಸಸ್ತಾದಲ್ಲಿ ಕೊಟ್ಟ. ಈ ಕಲೆಯಿಂದ ನಾನು ಅಂಗಡಿ ಮಾಡಿದೆ. ಇದೇ ಕಲೆಯಿಂದ ಅದು ಕೈತಪ್ಪುವುದರಲ್ಲಿತ್ತು.

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆ ಎಲ್ಲರಿಗೂ ರಸ್ತೆಯ ಹುಚ್ಚು. ಈಗಿನವರಿಗೆ ರಸ್ತೆ ಎಂದರೆ ಮೊದಲಿಂದಲೂ ಇದ್ದದ್ದು, ಆಕಾಶದ ಹಾಗೆ. ನಮಗೆ ಹಾಗಲ್ಲ. ಎರೆಮಣ್ಣಿನ ದಾರಿ, ಮಳೆ ಬಿದ್ದರೆ ಬಸ್ಸು ಗಾಲಿ ಮುಳುಗಿಸಿಕೊಂಡು ನಿಂತುಬಿಡುತ್ತಿತ್ತು, ಇಳಿದು ನೂಕಿದವರಿಗೆ ಟಿಕೇಟಿನಲ್ಲಿ ರಿಯಾಯಿತಿ ಕೇಳಿ ನಾನು ಕಂಡಕ್ಟರನಿಂದ ಬೈಸಿಕೊಂಡದ್ದುಂಟು. ಡಾಂಬರು ಹಾಕಿದ ಮೇಲೂ ಎತ್ತಿನ ಗಾಡಿಗಳ ಕಬ್ಬಿಣದ ಪಟ್ಟಿ ಅದನ್ನು ಕೊರೆಯುತ್ತದೆಂದು ಗಾಡಿಗಳನ್ನು ಪಕ್ಕದ ಮಣ್ಣಿಗೆ ಇಳಿಸುತ್ತಿದ್ದರು. ರಸ್ತೆ ಮಾಡುವುದು ಎಂದರೆ ಪೂರಾ ಕೈಕೆಲಸ. ಬಿಸಿಲಲ್ಲಿ ಸಾಲಾಗಿ ಕೂತು ಸುತ್ತಿಗೆಯಿಂದ ಕಲ್ಲೊಡೆದು ಖಡಿ ಮಾಡುವ ಹೆಂಗಸರು, ಮೈತುಂಬ ಧೂಳು. ಕುದಿಯುವ ಡಾಂಬರಿನ ಮೇಲೆ ನಡೆಯಬೇಕೆಂದು ಕಾಲಿಗೆ ಗೋಣಿಪಾಟು ಸುತ್ತಿಕೊಂಡ ಗಂಡಸರು. ಹಿಂದೆ ಆನೆಯಂತೆ ಬರುವ ರೋಲರ್. ಆ ಗೋಣಿಪಾಟು, ಬುಟ್ಟಿಗೆ ಕಟ್ಟುವ ಹುರಿ ಎಲ್ಲ ನನ್ನ ಅಂಗಡಿಯದು. ಖಾಲಿ ಡಾಂಬರ್ ಡ್ರಮ್ಮುಗಳನ್ನು ಹರಾಜಿನಲ್ಲಿ ಹಿಡಿದು, ತಟ್ಟಿ ತಗಡು ಮಾಡಿ ಮಾರುವವನೂ ನಾನೇ. ಆಗಿನ ಎಷ್ಟೋ ಮನೆಗಳ ಬಚ್ಚಲಿನ ಬಾಗಿಲು ಹೆದ್ದಾರಿಯ ಡ್ರಮ್ಮಿನದು.

ಹೀಗೆ ಪರಿಚಯವಾದವನು ದಸ್ತಗೀರ ಮಿಸ್ತ್ರಿ. ರಸ್ತೆ ಕೆಲಸದಲ್ಲಿ ಕೂದಲು ಬೆಳ್ಳಗಾದವನು. ಅವನ ಕೈಯಲ್ಲಿ ಯಾವಾಗಲೂ ಬಣ್ಣದ ಕಲೆ ಇರುತ್ತಿತ್ತು, ಯಾಕೆಂದರೆ ಕಲ್ಲುಗಳಿಗೆ ಬಣ್ಣ ಹಚ್ಚಿ ಅಂಕಿ ಬರೆಯುವುದು ಅವನ ಪಾಲಿನ ಕೆಲಸ. ಒಂದು ದಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೇಳಿದ:

"ಇಮಾಮ, ಮನಿ ಬಾಗಲಾ ನೋಡಿ ಯಾರ ಮನಿ ಅಂತ ಹೇಳ್ತಿ. ರಸ್ತಾ ಯಾರದು ಅಂತ ಹೆಂಗ ಹೇಳ್ತಿ?"

"ರಸ್ತಾ ಸರಕಾರದ್ದು."

"ಯಾವ ಸರಕಾರದ್ದಲೇ? ಸರಕಾರ ಏನ್ ಒಂದೈತಿ?" ಎಂದು ಬಸಿ ಕೆಳಗಿಟ್ಟ. "ಕಲ್ಲಿನ ತಲಿ ನೋಡು. ತಲಿ ಕರೇದಿತ್ತಂದ್ರ ಜಿಲ್ಲಾದ ರೊಕ್ಕ. ಮಂತ್ರಿ ಬರೂ ಮುಂದಷ್ಟ ತೆಗ್ಗು ಮುಚ್ತಾರ. ಹಸರಿತ್ತಂದ್ರ ಬೆಂಗಳೂರಿನ ರೊಕ್ಕ, ನಡೀತೈತಿ. ಹಳದಿ ಇತ್ತಂದ್ರ ದಿಲ್ಲಿ ರೊಕ್ಕ. ಅದು ಹೈವೇ."

"ದಿಲ್ಲಿಯವರಿಗೆ ರೊಕ್ಕ ಎಲ್ಲಿಂದ ಬರ್ತೈತಿ?"

"ಪೆಟ್ರೋಲಿನ್ಯಾಗ. ಲೀಟರಿಗೆ ಇಷ್ಟು ಅಂತ ರಸ್ತಾದ ಹೆಸರಿಗೆ ತಗದಿಡ್ತಾರ. ಮದ್ರಾಸಿನ್ಯಾಗ ಯಾವನೋ ತನ್ನ ಸ್ಕೂಟರಿಗೆ ಪೆಟ್ರೋಲ ಹಾಕಿಸಿದ್ರ, ಅದರಾಗಿಂದ ಒಂದ ಹನಿ ನಮ್ಮ ಸೊಲ್ಲಾಪುರ ರಸ್ತಾದ ಡಾಂಬರ ಆಗ್ತೈತಿ."

ನಾನು ದಂಗಾದೆ. ಊರಿಗೆ ಸಾಮಾನು ತರುವಾಗಲೆಲ್ಲ ಜಕಾತಿ ನಾಕಾದಲ್ಲಿ ನಿಂತು ಸುಂಕ ಕಟ್ಟಿ ಅಭ್ಯಾಸವಿದ್ದವನು ನಾನು. ನಮ್ಮ ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಯ ಗಾಲಿಗೂ ತೆರಿಗೆ ಕಟ್ಟಬೇಕಿತ್ತಂತೆ. ಅವರವರ ಗಾಲಿ, ಅವರವರ ರಸ್ತೆ. ಅಂಥದ್ದರಲ್ಲಿ ಮುಖ ನೋಡದ, ಭಾಷೆ ತಿಳಿಯದ ಮನುಷ್ಯನೊಬ್ಬ, ನನ್ನ ಹಗ್ಗದ ಗಾಡಿ ಸುಸೂತ್ರ ಹೋಗಲೆಂದು ದೂರದಲ್ಲಿ ಕೂತು ದುಡ್ಡು ಕೊಡುತ್ತಿದ್ದಾನೆ, ಅದೂ ಚೌಕಾಶಿ ಮಾಡದೆ. ಆ ಮದ್ರಾಸಿನವನ ಮೇಲೆ ನನಗೆ ಪ್ರೀತಿ ಬಂತು, ಸ್ವಲ್ಪ ಕನಿಕರವೂ.

ಮಿಸ್ತ್ರಿ ಏಳುವಾಗ ಇನ್ನೊಂದು ಮಾತು ಹೇಳಿದ. "ಒಂದ ತಿಳಕೋ. ಹೈವೇ ಅಂತ ದಿಲ್ಲಿಯವರು ಹೇಳಿದ ಕೂಡಲೇ ರಸ್ತಾ ಬರೂದಿಲ್ಲ. ಮೊದಲ ಕಲ್ಲಿನ ತಲಿ ಹಳದಿ ಆಗ್ತೈತಿ. ಅಗಲ ಮಾಡೂದು, ಡಾಂಬರ ಹಾಕೂದು ಎಲ್ಲಾ ಆಮ್ಯಾಲ, ವರ್ಷಗಟ್ಟಲೆ."

ಬೇರೆಯವರು ಇದನ್ನು ಕೇಳಿ ಚಹಾ ಮುಗಿಸುತ್ತಿದ್ದರು. ನಾನು ಲೆಕ್ಕ ಹಾಕಿದೆ. ಸೊಲ್ಲಾಪುರ ರಸ್ತೆಯಲ್ಲಿ ಜಾಲಿ ಗಿಡ ಬಿಟ್ಟರೆ ಏನೂ ಬೆಳೆಯದ ಜಮೀನಿನವರು ಈಗ ಚಹಾದಂಗಡಿ, ಪಂಕ್ಚರ್ ಅಂಗಡಿ ಇಟ್ಟು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಹೈವೇ ಬಂದ ಮೇಲೆ ಜಾಗ ಕೊಳ್ಳುವವರು ಮಂದಿ. ಕಲ್ಲಿನ ತಲೆ ಹಳದಿಯಾದ ದಿನ ಕೊಳ್ಳುವವನು ಇಮಾಮಸಾಬ.

ಅದಾಗಿ ತಿಂಗಳೊಪ್ಪತ್ತಿನಲ್ಲಿ, ಟಿಕೋಟಾ ಮುಗಿಸಿ ಬಬಲೇಶ್ವರದ ಸಂತೆಗೆ ಬಸ್ಸಿನಲ್ಲಿ ಹೊರಟಿದ್ದೆ. ಕಿಟಕಿಯ ಪಕ್ಕ ಕೂತಿದ್ದೆ. ಕರೀ ತಲೆಯ ಕಲ್ಲು ಹೋಯಿತು. ಮತ್ತೊಂದು ಕರೀ ತಲೆ. ಆಮೇಲೆ, ಬೋಳು ಕಲ್ಲುನೆಲದ ಮಡ್ಡಿಯ ಅಂಚಿನಲ್ಲಿ, ಬಿಸಿಲಿಗೆ ಝಗ್ಗನೆ ಹೊಳೆಯುವ ಹಳದಿ ತಲೆ. ಬಸ್ಸಿನಲ್ಲಿ ಯಾರೂ ನೋಡಲಿಲ್ಲ. ಒಬ್ಬ ತೂಕಡಿಸುತ್ತಿದ್ದ, ಇಬ್ಬರು ಮೆಣಸಿನಕಾಯಿ ದರದ ಬಗ್ಗೆ ಜಗಳಾಡುತ್ತಿದ್ದರು. ದಿಲ್ಲಿ ಸರಕಾರ ನಮ್ಮ ಬಬಲೇಶ್ವರ ದಾರಿಗೆ ಕಾಲಿಟ್ಟದ್ದನ್ನು ನೋಡಿದವನು ಇಡೀ ಬಸ್ಸಿನಲ್ಲಿ ನಾನೊಬ್ಬ. ಮುಂದಿನ ಕಲ್ಲು ಮತ್ತೆ ಕರೀ ತಲೆಯದೇ ಇತ್ತು. ಅದಕ್ಕೂ ಒಂದು ಕಾರಣ ಕಂಡುಕೊಂಡೆ: ಇವತ್ತು ಒಂದಕ್ಕೆ ಹಚ್ಚಿದ್ದಾರೆ, ನಾಳೆ ಉಳಿದವು. ಬೇಕಾದದ್ದನ್ನು ನಂಬಲು ಹೊರಟವನಿಗೆ ಕಾರಣಗಳು ದಾರಿಯಲ್ಲಿ ಬಿದ್ದಿರುತ್ತವೆ, ಬಗ್ಗಿ ಎತ್ತಿಕೊಂಡರಾಯಿತು.

ಆ ಮಡ್ಡಿ ಯಾರದೆಂದು ಸಂತೆಯಲ್ಲಿ ವಿಚಾರಿಸಿದೆ. ಬೀರಪ್ಪ ಎಂಬ ಕುರುಬರ ಹಿರಿಯನದು. ನನ್ನ ಹಳೇ ಗಿರಾಕಿ, ಕುರಿ ಕಟ್ಟುವ ಹಗ್ಗ ನನ್ನಲ್ಲೇ ಒಯ್ಯುತ್ತಿದ್ದ. ಎರಡು ದಿನ ಬಿಟ್ಟು ಅವನಲ್ಲಿಗೆ ಹೋದೆ. ಆಡು ಸಾಕಬೇಕೆಂದಿದ್ದೇನೆ, ಬಯಲು ಜಾಗ ಬೇಕು ಎಂದೆ. ಅವನು ಮಡ್ಡಿ ತೋರಿಸಲು ಕರೆದುಕೊಂಡು ಹೋದ. ನಾನು ರಸ್ತೆಗೆ ಬೆನ್ನು ಮಾಡಿ ನಿಂತೆ. ಆ ಕಲ್ಲು ನನ್ನ ಹಿಂದೆ ಹತ್ತು ಮಾರು ದೂರದಲ್ಲಿತ್ತು. ಕುತ್ತಿಗೆ ತುರಿಸುತ್ತಿತ್ತು. ತಿರುಗಲಿಲ್ಲ.

"ಸಾವಕಾರ್ರ," ಎಂದ ಬೀರಪ್ಪ, "ಇಲ್ಲಿ ಆಡ ತಿನ್ನಾಕ ನನ್ನ ರುಮಾಲ ಬಿಟ್ರ ಮತ್ತೇನೂ ಇಲ್ರಿ."

"ಇರ್ಲಿ ಕಾಕಾ. ಗಾಳಿ ಚೊಲೋ ಐತಿ."

"ಗಾಳಿ ತಿಂದ ಆಡ ಬದುಕ್ತಾವೇನ್ರಿ? ನಮ್ಮ ಕುರಿನ ಇಲ್ಲಿ ನಿಂದರೂದಿಲ್ಲ."

ನಿಮಗೆ ಅರ್ಥವಾಯಿತಲ್ಲ, ಅವನು ನಿಜ ಹೇಳುತ್ತಿದ್ದ. ನನಗಾಗಲಿಲ್ಲ. ತನ್ನ ಮಾಲನ್ನು ತಾನೇ ಹಳಿಯುವ ಮಾರಾಟಗಾರನನ್ನು ನಾನು ಆವರೆಗೆ ಕಂಡಿರಲಿಲ್ಲ. ಇದು ಯಾವುದೋ ಹೊಸ ಪಟ್ಟು, ನನಗಿಂತ ದೊಡ್ಡ ಆಟಗಾರ ಎಂದುಕೊಂಡೆ. ಅವನ ಮಗ ಸಿದ್ದಪ್ಪ ಬಿಜಾಪುರದಲ್ಲಿ ಹೊಲಿಗೆ ಕಲಿತು, ಮಷೀನಿಡಲು ಜಾಗವಿಲ್ಲದೆ ಊರಲ್ಲೇ ಕೂತಿದ್ದಾನೆಂದು ಗೊತ್ತಿತ್ತು. ಅದಕ್ಕೇ ಕೈ ಹಾಕಿದೆ.

"ಕಾಕಾ, ಸಿದ್ದಪ್ಪಗ ಗಾಂಧಿ ಚೌಕಿನ್ಯಾಗ ಅಂಗಡಿ ಬೇಕಲ್ಲ? ನನ್ನ ಅಂಗಡಿ ತಗೋ. ನಿನ್ನ ಮಡ್ಡಿ ಕೊಡು. ಅದಲಬದಲಿ."

ಬೀರಪ್ಪನ ಬಾಯಿಂದ ಎಲೆಯಡಿಕೆಯ ರಸ ಗಡ್ಡಕ್ಕೆ ಇಳಿಯಿತು. "ಈ ಮಡ್ಡಿಗೆ? ಗಾಂಧಿ ಚೌಕಿನ ಅಂಗಡಿ?"

"ಹೂಂ."

"ಬ್ಯಾಡ್ರಿ ಸಾವಕಾರ್ರ. ನನಗ ಪಾಪ ಹತ್ತತೈತಿ."

ಏರಿಸುತ್ತಿದ್ದಾನೆ, ಎಂದುಕೊಂಡೆ. ಅಂಗಡಿಯ ಕಪಾಟನ್ನೂ ಸೇರಿಸಿದೆ. ಅವನು ಇನ್ನಷ್ಟು ಗಾಬರಿಯಾದ. ತಕ್ಕಡಿಯನ್ನೂ ಸೇರಿಸಿದೆ. ಅವನು ರುಮಾಲು ತೆಗೆದು ಮುಖ ಒರೆಸಿಕೊಂಡ. ಆ ಹೊತ್ತಿಗೆ ಅವನ ಹೆಂಡತಿ ಮಾಳವ್ವ ನಮ್ಮ ಪಕ್ಕದಿಂದಲೇ ದಾಟಿ ರಸ್ತೆಯ ಕಡೆ ಹೋದಳು. ಹಿಂದೆ ಬಳೆಯ ಸದ್ದು, ಏನೋ ಗುಣುಗುಣು ಕೇಳಿಸಿತು. ಅವಳು ತಿರುಗಿ ಬಂದಾಗ ಬೆರಳುಗಳು ಹಳದಿಯಾಗಿದ್ದವು. ಮಸಾಲೆ ಅರೆದಿರಬೇಕು ಎಂದುಕೊಂಡೆ. ರಸ್ತೆಯ ದಂಡೆಯಲ್ಲಿ, ಒರಳು ಒಲೆ ಏನೂ ಇಲ್ಲದ ಮಡ್ಡಿಯಲ್ಲಿ, ಮಸಾಲೆ. ನನ್ನ ಬುದ್ಧಿಯ ಬಗ್ಗೆ ಬೇರೆ ಏನೂ ಹೇಳಬೇಕಾಗಿಲ್ಲ.

ಕಡೆಗೆ ಒಪ್ಪಿದ. ಎಲೆಯಡಿಕೆ ಬದಲಾಯಿಸಿಕೊಂಡೆವು. ನಮ್ಮ ಕಡೆ ಎಲೆಯಡಿಕೆ ತಿಂದ ಮಾತನ್ನು ಮುರಿದವನಿಗೆ ಸಂತೆಯಲ್ಲಿ ಯಾರೂ ಚಹಾ ಕೊಡುವುದಿಲ್ಲ, ಅಷ್ಟು ಗಟ್ಟಿ. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಕಚೇರಿಯಲ್ಲಿ ಕಾಗದ ಎಂದಾಯಿತು.

ನಮ್ಮ ಮನೆಯಲ್ಲಿ ಮಾತು ಉರ್ದುವಿನದು, ಜಗಳ ಮಾತ್ರ ಕನ್ನಡದ್ದು. ಬೈಯಲು ಕನ್ನಡವೇ ಅನುಕೂಲ ಎಂಬುದು ನನ್ನ ಹೆಂಡತಿ ಖಾತೂನಳ ಅಭಿಪ್ರಾಯ. ಅವತ್ತು ಸುದ್ದಿ ನನಗಿಂತ ಮೊದಲಿನ ಬಸ್ಸು ಹಿಡಿದು ಮನೆ ಸೇರಿತ್ತು, ಬಾಗಿಲು ದಾಟುವ ಮೊದಲೇ ಕನ್ನಡ ಶುರುವಾಯಿತು.

"ಅಂಗಡಿ ಕೊಟ್ಟು ಕಲ್ಲ ತಗೊಂಡ್ರಿ ಅಂತಲ್ಲ?"

"ಕಲ್ಲಲ್ಲ. ದಿಲ್ಲಿ."

"ದಿಲ್ಲಿಯವರು ಬಂದು ನಾಳೆ ನಮ್ಮ ಹೊಟ್ಟಿಗೆ ಹಾಕ್ತಾರೇನು? ಸೈಕಲ್ ತುಳದು ತುಳದು ಮಾಡಿದ ಅಂಗಡಿ ಅದು. ಯಾರನ್ನರ ಒಂದ ಮಾತು ಕೇಳೀರಾ?"

"ಕೇಳಿದ್ರ ರೇಟ್ ಏರ್ತೈತಿ."

"ಕೇಳದಿದ್ರ ಏನ್ ಏರ್ತೈತಿ ಅಂತ ಸೋಮವಾರ ನೋಡೂನು."

ಹೆಂಗಸರಿಗೆ ವ್ಯಾಪಾರ ತಿಳಿಯುವುದಿಲ್ಲ ಎಂದುಕೊಂಡು ಉಂಡು ಮಲಗಿದೆ. ಈ ವಾಕ್ಯವನ್ನು ಬರೆಯುವಾಗ ಖಾತೂನಳೇ ಪಕ್ಕದ ಕೋಣೆಯಲ್ಲಿದ್ದಾಳೆ. ದಯವಿಟ್ಟು ಗಟ್ಟಿಯಾಗಿ ಓದಬೇಡಿ.

ಶನಿವಾರ ಬೆಳಿಗ್ಗೆ ದಸ್ತಗೀರ ಮಿಸ್ತ್ರಿ ಗೋಣಿಪಾಟಿಗೆ ಬಂದ. ಮಾತು ಮುಗಿದ ಮೇಲೆ ಗುಟ್ಟಿಟ್ಟು ಏನು ಪ್ರಯೋಜನ? ಚಹಾ ತರಿಸಿ, ಕಾಲು ಮೇಲೆ ಕಾಲು ಹಾಕಿಕೊಂಡು ಹೇಳಿದೆ: "ಏನ್ ಮಿಸ್ತ್ರಿ, ಬಬಲೇಶ್ವರ ರಸ್ತಾ ದಿಲ್ಲಿಗೆ ಹೋತಂತ. ನನಗ ಒಂದ ಮಾತು ಹೇಳಲಿಲ್ಲ ನೀ."

"ಯಾರ ಹೇಳಿದ್ರು?"

"ಕಲ್ಲು ಹೇಳ್ತು. ತಲಿ ಹಳದಿ ಆಗೈತಿ."

ಮಿಸ್ತ್ರಿ ಬಸಿಯನ್ನು ಬಾಯಿಯ ಹತ್ತಿರ ಒಯ್ದವನು ಹಾಗೆಯೇ ಹಿಡಿದುಕೊಂಡ. "ಇಮಾಮ, ಟಿಕೋಟಾದಿಂದ ಬಬಲೇಶ್ವರದ ತನಕಾ ಕಲ್ಲಿಗೆ ಬಣ್ಣ ಹಚ್ಚಾವ ನಾನ. ಆ ರಸ್ತಾಕ್ಕ ನನ್ನ ಹಂತೇಕ ಕರೇ ಡಬ್ಬಿ ಬಿಟ್ರ ಬ್ಯಾರೆ ಡಬ್ಬಿನ ಇಲ್ಲ."

"ಮತ್ತ ಹಳದಿ?"

"ಅದನ್ನ ನೀ ಹಚ್ಚಿದವರನ್ನ ಕೇಳು."

ಗಾಂಧಿ ಚೌಕಿನ ಗದ್ದಲವೆಲ್ಲ ಯಾರೋ ತಾಡಪತ್ರಿ ಮುಚ್ಚಿದಂತೆ ನಿಂತುಹೋಯಿತು. ಅಂಗಡಿಯ ಎರಡೂ ಗೋಡೆಗಳನ್ನು ನೋಡಿದೆ. ಎದ್ದು ನಡುವೆ ನಿಂತು ಕೈ ಚಾಚಿ ಮುಟ್ಟಿಯೂ ನೋಡಿದೆ. ಇದ್ದವು. ಇನ್ನು ಎರಡು ದಿನ ಮಾತ್ರ.

ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸುಳ್ಳುಗಳನ್ನು ಕಟ್ಟಿದೆ. ಖಾತೂನಳಿಗೆ ಹುಷಾರಿಲ್ಲ. ಅಂಗಡಿಯ ಮೇಲೆ ಅಣ್ಣನ ಹಕ್ಕಿದೆ. ನನಗೆ ಅಣ್ಣನಿಲ್ಲ, ಆದರೂ. ಆಡಿಗೆ ರೋಗ ಬಂದಿದೆ. ಆಡೂ ಇರಲಿಲ್ಲ. ಮಡ್ಡಿಯ ಹತ್ತಿರ ಇಳಿದು, ಮೊದಲ ಸಲ, ಆ ಕಲ್ಲಿಗೆ ಮುಖ ಮಾಡಿ ನಿಂತೆ.

ಹತ್ತಿರದಿಂದ ಅದು ಬಣ್ಣವೇ ಅಲ್ಲ. ನೆತ್ತಿಯ ಮೇಲೆ ದಪ್ಪಗೆ ಮೆತ್ತಿತ್ತು. ಅಂಚಿನಲ್ಲಿ ಎಣ್ಣೆಯ ಜೊತೆ ಕರಗಿ ಟಿಕೋಟಾ ಎಂಬ ಅಕ್ಷರದ ಮೇಲೆ ಇಳಿದಿತ್ತು. ಬೆರಳಿಟ್ಟು ತಿಕ್ಕಿದೆ. ಬೆರಳಿಗೆ ಬಂತು. ಮೂಸಿದೆ. ಅರಿಶಿನ. ದೇವರಿಗೆ ಹಚ್ಚುವ ಭಂಡಾರ. ಹತ್ತು ವರ್ಷ ಹಗ್ಗ ಕೊಂಡ ಕುರುಬರ ಹಣೆಯ ಮೇಲೆ ದಿನಾ ಕಂಡದ್ದು, ಅವರು ಕೊಟ್ಟ ನೋಟುಗಳಿಗೂ ಮೆತ್ತಿ ನನ್ನ ಗಲ್ಲಾಪೆಟ್ಟಿಗೆಯ ತಳವೆಲ್ಲ ಹಳದಿ ಮಾಡಿದ್ದು. ಅದನ್ನು ನಾನು ಭಾರತ ಸರಕಾರ ಎಂದು ಓದಿದ್ದೆ.

"ತಮ್ಮಾ, ಚಪ್ಪಲಿ ಬಿಟ್ಟ ಮುಟ್ಟಬೇಕಪಾ."

ಮಾಳವ್ವ ಹಿಂದೆ ನಿಂತಿದ್ದಳು. ಚಪ್ಪಲಿ ಬಿಟ್ಟೆ. ಬಿಸಿ ನೆಲ ಕಾಲು ಸುಟ್ಟಿತು.

"ಯವ್ವಾ, ಇದಕ್ಕ ಯಾಕ ಭಂಡಾರ ಹಚ್ಚೀರಿ?" ಎಂದು ಕೇಳಿದೆ. ಒಂದೇ ಪ್ರಶ್ನೆ. ಹತ್ತು ದಿನ ಮೊದಲು ಕೇಳಿದ್ದರೆ ಅವಳು ಆಗಲೂ ಹೇಳುತ್ತಿದ್ದಳು, ಪುಕ್ಕಟೆ.

ಅವಳು ಕಲ್ಲಿನ ಬುಡದಲ್ಲಿ ಕೂತಳು. "ಈ ರಸ್ತಾ ಮಾಡುಮುಂದ ನಾ ಖಡಿ ಒಡಿಯಾಕ ಹೋಗ್ತಿದ್ನಿ. ಕಲ್ಲು ನಮ್ಮ ಮಡ್ಡೀದ ಆಗಿದ್ದು. ಇಲ್ಲಿ ದಂಡಿಗೆ ನಮ್ಮ ಹೊಲದ ದೇವರ, ಸಿದ್ಧ, ಇದ್ದ. ದೇವರಂದ್ರ ಏನು, ಒಂದ ಗುಂಡಕಲ್ಲ. ಮಳಿಗೆ ಭಂಡಾರ ತೊಳದ ಹೋಗಿತ್ತು. ಗಾಡಿಯವರಿಗೆ ಗುರ್ತ ಹತ್ತಲಿಲ್ಲ, ಎಲ್ಲಾ ಕಲ್ಲಿನ ಕೂಡ ಅದನ್ನೂ ಹೇರ್ಯಾರ. ಹೇರಿ ನನ್ನ ಮುಂದ ಸುರುವಿದ್ರು."

"ಆಮ್ಯಾಲ?"

"ನಾನ ಒಡದೆ, ತಮ್ಮಾ. ನನಗೂ ಗುರ್ತ ಹತ್ತಲಿಲ್ಲ. ಮೂರ ಪೆಟ್ಟಿಗೆ ಒಡೀಲಿಲ್ಲ. ನಾಕನೇದ್ದಕ್ಕ ಒಡೀತು. ಒಡದ ನೋಡಿದ್ರ ಒಳಗ ಒಂದ ಹಳೇ ಬಿರಕ ಇತ್ತು. ಅದರ ತುಂಬ ಹಳದಿ. ನಮ್ಮತ್ತಿ, ಅವರತ್ತಿ ಹಚ್ಚಿದ್ದು, ಒಳಗ ಇಳದಿತ್ತು."

ನನ್ನ ಬೆರಳಿನ ಹಳದಿಯನ್ನು ನೋಡಿಕೊಂಡೆ.

"ಕೆಲಸ ಮಾಡಸೂ ಮುಕಾದಮ ನಿಂತಿದ್ದ. ಬುಟ್ಟಿಗೆ ಹಾಕು ಅಂದ. ಹಾಕಿದ್ನಿ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಆ ಧೂಳು ಇನ್ನೂ ಅಂಟಿದೆ ಎಂಬಂತೆ. "ರೋಲರ ಹೊಡದ್ರು, ಮ್ಯಾಲ ಡಾಂಬರ ಹಾಕಿದ್ರು. ಎಲ್ಲಿ ಅದಾನೋ ಏನೋ. ಈ ರಸ್ತಾದಾಗ ಎಲ್ಲಿ ಕಾಲಿಟ್ರೂ ಎದಿ ಝಲ್ ಅಂತೈತಿ. ಆಮ್ಯಾಲ ಒಂದಿನ ಇಲ್ಲಿ ಈ ಸರಕಾರಿ ಕಲ್ಲ ತಂದ ನಿಂದರಿಸಿದ್ರು. ಅಂವ ಇದ್ದ ಜಾಗಾ ಇದ. ಅದಕ್ಕ ಇದಕ್ಕ ಹಚ್ತೇನಿ."

ಆ ಬುಟ್ಟಿಯ ಹುರಿ ನನ್ನ ಅಂಗಡಿಯದಾಗಿತ್ತೇನೋ. ಕೇಳಲು ಧೈರ್ಯ ಬರಲಿಲ್ಲ. ದಿಲ್ಲಿಯ ರೊಕ್ಕ, ಬೆಂಗಳೂರಿನ ರೊಕ್ಕ, ಜಿಲ್ಲೆಯ ರೊಕ್ಕ ಎಂದು ಮಿಸ್ತ್ರಿ ಕಲಿಸಿದ ಪಾಠವೆಲ್ಲ ತಲೆಯಲ್ಲಿ ಒಂದು ಸುತ್ತು ತಿರುಗಿತು. ಯಾರ ಖರ್ಚಿನ ರಸ್ತೆ ಎಂದು ಕಲ್ಲಿನ ತಲೆ ನೋಡಿ ತಿಳಿದುಕೋ ಎಂದಿದ್ದ. ಆ ಕಲ್ಲು ಸುಳ್ಳು ಹೇಳಿರಲಿಲ್ಲ.

ಕುರಿ ಬಿಟ್ಟು ಬೀರಪ್ಪನೂ ಬಂದ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಸುಳ್ಳುಗಳು ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವ್ಯಾಪಾರಕ್ಕೆ ಇಳಿದ ಮೇಲೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು; ನಾಲಿಗೆ ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು.

ಬೀರಪ್ಪ ಪೂರಾ ಕೇಳಿದ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಆಮೇಲೆ ಕೇಳಿದ: "ಅಂದ್ರ ಆಡಿನ ಮಾತು ಸುಳ್ಳು."

"ಹೌದು ಕಾಕಾ."

"ಖರೇನ ಹೈವೇ ಬಂದಿದ್ರ, ಮೋಸ ಹೋಗಾವ ನಾ ಇದ್ದೆ."

ಇದನ್ನು ನಾನು ಅಲ್ಲಿಯವರೆಗೆ ಆ ಕಡೆಯಿಂದ ನೋಡಿರಲೇ ಇಲ್ಲ. ನಂಬುವುದಾದರೆ ನಂಬಿ. ನನ್ನದು ಜಾಣತನ ಎಂದೇ ನನ್ನ ಲೆಕ್ಕ. ಮೋಸ ಎಂಬ ಶಬ್ದ ಅದರ ಪಕ್ಕದ ಮನೆಯಲ್ಲೇ ಇದೆ ಎಂದು ಗೊತ್ತಾದದ್ದು ಆ ಬಿಸಿಲಿನಲ್ಲಿ, ಬರಿಗಾಲಲ್ಲಿ.

"ಹೌದು" ಎಂದೆ.

"ನಾ ಇತ್ತ ಎಂಟ ದಿನ ಆತು ನಿದ್ದಿ ಮಾಡಿಲ್ರಿ" ಎಂದ ಬೀರಪ್ಪ. "ಪಾಪ, ತಿಳೀದ ಮನಷ್ಯಾ, ಕಲ್ಲಮಡ್ಡಿಗೆ ಅಂಗಡಿ ಕಳಕೊಳ್ಳಾಕತ್ತಾನ, ನಾ ತಗೊಂಡ್ರ ದೇವರ ನನ್ನ ನೋಡ್ತಾನೇನು ಅಂತ. ನೀವು ತಕ್ಕಡಿ ಕೊಡ್ತೇನಿ ಅಂದಾಗಂತೂ ನಿಮಗ ತಲಿ ಕೆಟ್ಟೈತಿ ಅಂತ ಗಟ್ಟಿ ಆತು."

ಮಾಳವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುತ್ತಿದ್ದಳು.

"ಎಲಿ ಅಡಕಿ ಆಗೈತಿ, ಕಾಕಾ" ಎಂದೆ. "ಮಾತು ಹಿಡಿತೀಯೋ, ಬಿಡ್ತೀಯೋ ನಿನ್ನ ಕೈಯಾಗ."

ಅವನು ಹಿಡಿಯಬಹುದಿತ್ತು. ನಾನಾಗಿದ್ದರೆ ಹಿಡಿಯುತ್ತಿದ್ದೆ. ಗಾಂಧಿ ಚೌಕಿನ ಅಂಗಡಿ, ಕಪಾಟು, ತಕ್ಕಡಿ. ಬೀರಪ್ಪ ಪಕ್ಕಕ್ಕೆ ತಿರುಗಿ ಬಾಯಲ್ಲಿದ್ದದ್ದನ್ನು ಉಗುಳಿದ.

"ಎಲಿ ಅಡಕಿ ಇಬ್ರೂ ತಿಂದೇವಿ, ಇಬ್ರೂ ಉಗುಳೇವಿ. ಇನ್ನ ಅದರಾಗ ಏನ ಐತಿ? ಹೋಗ್ರಿ. ನಿಮ್ಮ ಅಂಗಡಿ ನಿಮಗಿರ್ಲಿ. ಇವತ್ತ ನಾ ನಿದ್ದಿ ಮಾಡ್ತೇನಿ."

ಸಿದ್ದಪ್ಪ ಮುಂದಿನ ವಾರವೇ ಹೊಲಿಗೆ ಮಷೀನು ಹೊತ್ತು ನನ್ನ ಕಟ್ಟೆಗೆ ಬಂದ. ನಾನೇ ಕರೆದದ್ದು. ಬಾಡಿಗೆ ಕೇಳಲಿಲ್ಲ, ನನ್ನ ತಾಡಪತ್ರಿಗಳ ಅಂಚು ಹೊಲಿದುಕೊಡು ಎಂದೆ. ಪೂರಾ ಪುಕ್ಕಟೆ ಕೊಡುವ ಮಟ್ಟಕ್ಕೆ ನಾನು ಇನ್ನೂ ಸುಧಾರಿಸಿರಲಿಲ್ಲ. ಬೆಳಿಗ್ಗೆ ಬಸಿಯಲ್ಲಿ ಚಹಾ ಸುರಿದುಕೊಂಡು ಬಾದಶಹನಾಗಲು ನನಗೆ ಆಮೇಲೆ ಜಾಗ ಸಿಗಲಿಲ್ಲ, ನಿಂತೇ ಕುಡಿದೆ. ಹನ್ನೊಂದು ವರ್ಷ ಅವನು ಆ ಕಟ್ಟೆಯ ಮೇಲಿದ್ದ. ನೀವೇನಾದರೂ ಕೊಳ್ಳಲು ಹೊರಟಿದ್ದರೆ ನನ್ನ ಬುದ್ಧಿಮಾತು ಈಗ ಇಷ್ಟೇ: ವಸ್ತುವನ್ನು ನೆಟ್ಟಗೆ ನೋಡಿ, ಬೆರಳಿಟ್ಟು ತಿಕ್ಕಿ, ಯಾಕೆ ಹೀಗಿದೆ ಎಂದು ಬಾಯಿಬಿಟ್ಟು ಕೇಳಿ. ದರ ಸ್ವಲ್ಪ ಏರಿದರೆ ಏರಲಿ.

ಆದರೆ ಆ ಶನಿವಾರದ ಮಾತು ಇನ್ನೂ ಮುಗಿದಿಲ್ಲ. ಅಂಗಡಿ ಉಳಿಯಿತೆಂಬ ಹಿಗ್ಗಿನಲ್ಲಿ ನಾನು ತಿರುಗಿ ಹೋಗುವ ಬಸ್ಸಿಗಾಗಿ ಕಲ್ಲಿನ ಪಕ್ಕದಲ್ಲೇ ಕಾಯುತ್ತಿದ್ದೆ. ಬೀರಪ್ಪ ಕುರಿಗಳ ಕಡೆ ಹೋಗಿದ್ದ. ಮಾಳವ್ವ ಮಾತ್ರ ಅಲ್ಲೇ ಕೂತಿದ್ದಳು, ಏನನ್ನೋ ಯೋಚಿಸುತ್ತ.

"ತಮ್ಮಾ, ಹಳದಿ ಕಲ್ಲ ಅಂದ್ರ ದಿಲ್ಲಿಯವರದು ಅಂದೆಲ್ಲ? ಅವರೂ ಹಚ್ತಾರೇನು?"

"ಹಚ್ತಾರ ಯವ್ವಾ." ತಿಳಿದದ್ದನ್ನು ತಿಳಿಯದವರಿಗೆ ಹೇಳುವುದೆಂದರೆ ನನಗೆ ಮೊದಲಿಂದಲೂ ಹಿಗ್ಗು. ಕೈ ಚಾಚಿ ಚಾಚಿ ವಿವರಿಸಿದೆ. ಸೊಲ್ಲಾಪುರದಿಂದ ನಮ್ಮೂರಿನ ಮೇಲೆ ಹಾಯ್ದು, ಆ ಕಡೆ ಹೊಳೆ ದಾಟಿ, ಇನ್ನೂ ಮುಂದೆ. ಒಂದು ರಸ್ತೆಯಲ್ಲ, ಇಡೀ ದೇಶದ ತುಂಬ ಇಂಥ ರಸ್ತೆಗಳು. ಒಂದೊಂದು ಕಿಲೋಮೀಟರಿಗೂ ಒಂದೊಂದು ಕಲ್ಲು. ಒಂದೊಂದು ಕಲ್ಲಿನ ತಲೆಯೂ ಹಳದಿ.

"ಅಷ್ಟೂ ಕಲ್ಲಿಗೆ?"

"ಅಷ್ಟಕ್ಕೂ."

ಮಾಳವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ರಸ್ತೆ ಹೋದಷ್ಟು ದೂರಕ್ಕೂ ನೋಡಿದಳು, ಟಿಕೋಟಾದ ಕಡೆಗೊಮ್ಮೆ, ಬಬಲೇಶ್ವರದ ಕಡೆಗೊಮ್ಮೆ.

"ಹಂಗಾರ ಅವರ ದೇವರೂ ಭಾಳ ಒಡದಾವ, ತಮ್ಮಾ" ಎಂದಳು.

ಬಸ್ಸು ಬಂತು. ಕೈ ಮಾಡುವುದು ನನಗೆ ನೆನಪಾಗಲಿಲ್ಲ. ಅದು ಹೋಯಿತು.